ದಾಂಡೇಲಿ – ಕಾಳಿ ನದಿ ರಾಫ್ಟಿಂಗ್: ವಾರಾಂತ್ಯ ಪ್ರವಾಸಿಗರ ಗಮನಕ್ಕೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಕಾಳಿ ನದಿಯ ದಡದಲ್ಲಿರುವ ಸಣ್ಣ ಪಟ್ಟಣವಾಗಿದ್ದು, ಬೆಂಗಳೂರಿನಿಂದ ಸುಮಾರು 460 ಕಿ.ಮೀ. ದೂರದಲ್ಲಿದೆ. ರಾಫ್ಟಿಂಗ್ ನಡೆಯುವ ಸ್ಥಳವು ಅಲ್ಲಿಂದ ಮುಂದೆ, ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಬಳಿ ಇರುತ್ತದೆ.

1. ನೀರಿನ ಲಭ್ಯತೆ
ಗಣೇಶಗುಡಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಸೂಪಾ ಅಣೆಕಟ್ಟು ಇರುತ್ತದೆ. ಇದರ ಬುಡದಲ್ಲಿರುವ 100 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರದಿಂದ ಹೊರಬರುವ ನೀರೇ ರಾಫ್ಟಿಂಗ್‌ಗೆ ಆಧಾರ. ವಿದ್ಯುತ್ ಉತ್ಪಾದನೆ ನಿಂತಲ್ಲಿ ಹರಿವು ತಗ್ಗಿ ಬಂಡೆಗಳು ಮೇಲೇಳುತ್ತವೆ; ಆಗ ರಾಫ್ಟ್ ಸಾಗುವುದಿಲ್ಲ. ಆದುದರಿಂದ ಮುಂಗಡ ಪಾವತಿಸಿದ ಮಾತ್ರಕ್ಕೆ ಯಾನ ಖಚಿತವೆಂದು ಭಾವಿಸತಕ್ಕದ್ದಲ್ಲ. ನೀರು ಬಿಡದ ಪಕ್ಷದಲ್ಲಿ ಹಣ ಮರುಪಾವತಿಯ ಷರತ್ತನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಸೂಕ್ತ.

2. ಸೂಕ್ತ ಕಾಲ
ಮಳೆಗಾಲ ಮುಗಿದ ನಂತರದಿಂದ ಬೇಸಿಗೆಯವರೆಗೆ. ಕೊಡಗಿನ ಬರಪೊಳೆ ನದಿಯು ಮಳೆಯನ್ನೇ ಅವಲಂಬಿಸಿರುವುದರಿಂದ ಅಲ್ಲಿ ಮುಂಗಾರಿನ ತಿಂಗಳುಗಳಲ್ಲಿ ರಾಫ್ಟಿಂಗ್ ನಡೆಯುತ್ತದೆ.

3. ಪ್ರಯಾಣ
ಚಿಕ್ಕಲಸಂದ್ರ, ಉತ್ತರಹಳ್ಳಿ ಭಾಗದವರು ಬನಶಂಕರಿ ನಿಲ್ದಾಣದಿಂದ ಮೆಟ್ರೊ ಮೂಲಕ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ರಾತ್ರಿ ಬಸ್ ಅಥವಾ ರೈಲಿನಲ್ಲಿ ತೆರಳಬಹುದು. ಧಾರವಾಡದಿಂದ ದಾಂಡೇಲಿಗೆ ಸುಮಾರು 55 ಕಿ.ಮೀ.; ಹುಬ್ಬಳ್ಳಿ–ಲೋಂಡಾ ರೈಲು ಮಾರ್ಗದ ಅಳ್ನಾವರದಿಂದ ಸುಮಾರು 32 ಕಿ.ಮೀ. ಶುಕ್ರವಾರ ರಾತ್ರಿ ಹೊರಟವರು ಶನಿವಾರ ರಾಫ್ಟಿಂಗ್‌ಗೆ ನೋಂದಾಯಿಸಿ, ಭಾನುವಾರ ಬೆಳಗಿನ ಅವಧಿಯನ್ನು ಬದಲಿಯಾಗಿ ಕಾಯ್ದಿರಿಸಿಕೊಳ್ಳುವುದು ಒಳ್ಳೆಯದು. ಶನಿವಾರ ನೀರು ದೊರೆಯದಿದ್ದಲ್ಲಿ ಪ್ರವಾಸ ವ್ಯರ್ಥವಾಗುವುದಿಲ್ಲ.

4. ವಸತಿ
ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ದಾಂಡೇಲಿಯಲ್ಲಿ ಕಾಳಿ ಅಡ್ವೆಂಚರ್ ಕ್ಯಾಂಪ್ ನಡೆಸುತ್ತಿದೆ. ಖಾಸಗಿ ವಸತಿಗೃಹಗಳೂ ಇವೆ. ಸುತ್ತಲಿನ ಅರಣ್ಯದ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.

5. ಸುರಕ್ಷತೆ
2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿಗಿಂತ ಹೆಚ್ಚು ಜನರಿದ್ದ ರಾಫ್ಟ್ ನದಿಯ ಸೆಳೆತಕ್ಕೆ ಸಿಲುಕಿ, ಪ್ರವಾಸಿಗರನ್ನು ರಕ್ಷಿಸಬೇಕಾಯಿತು. ಆದ್ದರಿಂದ:
ಅ) ರಾಫ್ಟಿನ ಜನಮಿತಿಯನ್ನು ಹತ್ತುವ ಮುನ್ನವೇ ಕೇಳಿ ತಿಳಿಯುವುದು, ಮೀರಿದಲ್ಲಿ ಹತ್ತಲು ನಿರಾಕರಿಸುವುದು.
ಆ) ಆಯೋಜಕರ ಪರವಾನಗಿಯನ್ನು ಪರಿಶೀಲಿಸುವುದು.
ಇ) ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಹಾಗೂ ಹೆಲ್ಮೆಟ್ ಧರಿಸುವುದು, ಈಜು ಬಲ್ಲವರಿಗೂ ವಿನಾಯಿತಿ ಇಲ್ಲ.
ಈ) ನೀರಿಗೆ ಬಿದ್ದಲ್ಲಿ ನಿಲ್ಲಲು ಯತ್ನಿಸದೆ, ಅಂಗಾತ ತೇಲುತ್ತಾ ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚುವುದು. ಬಂಡೆಗಳ ನಡುವೆ ಕಾಲು ಸಿಕ್ಕಿಕೊಂಡರೆ ಪ್ರಾಣಾಪಾಯವಿದೆ.
ಉ) ಹೃದ್ರೋಗ, ಅಪಸ್ಮಾರ ಇರುವವರು, ಗರ್ಭಿಣಿಯರು ಹಾಗೂ ಮದ್ಯ ಸೇವಿಸಿದವರು ಪಾಲ್ಗೊಳ್ಳಬಾರದು.
ಊ) ರಾಫ್ಟಿಂಗ್ ಇಲ್ಲದ ವೇಳೆಯಲ್ಲಿಯೂ ಅಣೆಕಟ್ಟಿನ ಕೆಳಭಾಗದ ನದಿಪಾತ್ರಕ್ಕೆ ಇಳಿಯಬಾರದು, ನೀರಿನ ಮಟ್ಟ ಹಠಾತ್ತನೆ ಏರಬಹುದು.

ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪಾಲಿಸಿ ಸಹಕರಿಸಲು ಕೋರಲಾಗಿದೆ.