ಮೊಲದ ಕಥೆಯ ಹಣ, ಬೆಟ್ಟದ ಕುರಿ

ನೀಲಿ ಕೋಟು ತೊಟ್ಟು ಪಕ್ಕದವರ ತೋಟಕ್ಕೆ ನುಗ್ಗುವ ಮೊಲದ ಚಿತ್ರವನ್ನು ನೀವು ಎಲ್ಲಾದರೂ ನೋಡಿರಬಹುದು. ಅದರ ಹೆಸರು ಪೀಟರ್ ರ‍್ಯಾಬಿಟ್. ಕಥೆ ಬರೆದು ಚಿತ್ರವನ್ನೂ ತಾವೇ ಬಿಡಿಸಿದವರು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್. ಲೋಕಕ್ಕೆ ಅವರು ಮಕ್ಕಳ ಲೇಖಕಿ. ಆದರೆ ಬದುಕಿನ ಕೊನೆಯ ಮೂವತ್ತು ವರ್ಷ ಅವರ ಮುಖ್ಯ ಕೆಲಸ ಕುರಿ ಸಾಕಣೆ. ಮೊಲದ ಕಥೆಯಿಂದ ಬಂದ ಹಣ ಎಲ್ಲಿಗೆ ಹೋಯಿತು? ಈ ಬಾರಿ ನಾವು ಆ ಹಣದ ಜಾಡು ಹಿಡಿದಿದ್ದೇವೆ.

ಪಾಟರ್ ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನಲ್ಲಿ. ಹತ್ತಿ ವ್ಯಾಪಾರದಲ್ಲಿ ದುಡಿದಿಟ್ಟ ಆಸ್ತಿಯಿದ್ದ ಶ್ರೀಮಂತ ಮನೆತನ. ಶಾಲೆಗೆ ಕಳಿಸಲಿಲ್ಲ, ಪಾಠವೆಲ್ಲ ಮನೆಯಲ್ಲೇ. ಜೊತೆಗಿದ್ದವನು ತಮ್ಮ ಬರ್ಟ್ರಮ್ ಒಬ್ಬನೇ. ಅಕ್ಕ ತಮ್ಮ ಇಬ್ಬರೂ ಸೇರಿ ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿ ಎಲ್ಲವನ್ನೂ ಮನೆಯೊಳಗೆ ಸಾಕಿದರು. ಕೂತಲ್ಲಿ ಕೂತು ಅವುಗಳ ಚಿತ್ರ ಬರೆದರು. ಸತ್ತ ಪ್ರಾಣಿಯನ್ನು ಬೇಯಿಸಿ, ಮೂಳೆ ಬಿಡಿಸಿ, ಅದನ್ನೂ ನೋಡಿ ಬರೆದರು. ಅವರ ಮೊಲ ಕೋಟು ಹಾಕಿದರೂ ಮೊಲದಂತೆಯೇ ಕಾಣುವುದಕ್ಕೆ ಈ ಅಭ್ಯಾಸವೇ ಕಾರಣ.

ದೊಡ್ಡವರಾದ ಮೇಲೆ ಅವರ ಕಣ್ಣು ಅಣಬೆಯ ಮೇಲೆ ಬಿತ್ತು. ನೂರಾರು ಅಣಬೆಗಳ ಚಿತ್ರ ಬರೆದರು. ಅಣಬೆಯ ಬೀಜಕಣ ಹೇಗೆ ಮೊಳೆಯುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಬಂಧ ಬರೆದರು. 1897ರಲ್ಲಿ ಅದು ಲಂಡನ್ನಿನ ಲಿನಿಯನ್ ಸೊಸೈಟಿಯ ಸಭೆಯ ಮುಂದೆ ಬಂತು. ಆಗ ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅವರ ಪ್ರಬಂಧವನ್ನು ಒಬ್ಬ ಗಂಡಸು ಮಂಡಿಸಬೇಕಾಯಿತು. ಅದು ಅಚ್ಚಾಗಲೇ ಇಲ್ಲ, ಮೂಲ ಪ್ರತಿಯೂ ಉಳಿದಿಲ್ಲ. ವಿಜ್ಞಾನದ ಬಾಗಿಲು ಅಲ್ಲಿಗೆ ಮುಚ್ಚಿತು.

ಕಾಗದದಲ್ಲಿ ಹುಟ್ಟಿದ ಕಥೆ

ಪೀಟರ್ ಮೊಲದ ಕಥೆ ಮೊದಲು ಪುಸ್ತಕವಾಗಿರಲಿಲ್ಲ. ತಮಗೆ ಪಾಠ ಹೇಳಿದ್ದ ಮೇಡಂ ಒಬ್ಬರ ಐದು ವರ್ಷದ ಮಗ ನೋಯೆಲ್ ಕಾಯಿಲೆ ಬಿದ್ದಿದ್ದ. ಅವನಿಗೆ ಹೊತ್ತು ಹೋಗಲೆಂದು 1893ರ ಸೆಪ್ಟೆಂಬರ್ 4ರಂದು ಪಾಟರ್ ಒಂದು ಚಿತ್ರದ ಕಾಗದ ಬರೆದರು. ನಾಲ್ಕು ಮೊಲದ ಮರಿಗಳ ಕಥೆ ಅದರಲ್ಲಿತ್ತು.

ಕೆಲವು ವರ್ಷಗಳ ನಂತರ ಅದನ್ನೇ ಹಿಗ್ಗಿಸಿ ಪ್ರಕಾಶಕರಿಗೆ ಕಳಿಸಿದರು. ಒಬ್ಬರಾದ ಮೇಲೆ ಒಬ್ಬರು ಬೇಡವೆಂದರು. ಮಕ್ಕಳ ಪುಟ್ಟ ಕೈಗೆ ಒಗ್ಗುವ ಸಣ್ಣ ಪುಸ್ತಕವಾಗಬೇಕು, ಬೆಲೆಯೂ ಕಡಿಮೆ ಇರಬೇಕು ಎಂಬುದು ಪಾಟರ್ ಹಟ. ಕೊನೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ದುಡ್ಡಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಕಂಪನಿ, ಚಿತ್ರಗಳಿಗೆ ಬಣ್ಣ ಹಾಕಿಕೊಡುವುದಾದರೆ ಪ್ರಕಟಿಸುತ್ತೇವೆ ಎಂದಿತು. 1902ರ ಅಕ್ಟೋಬರಿನಲ್ಲಿ ಪುಸ್ತಕ ಬಂತು. ಆ ವರ್ಷ ಮುಗಿಯುವಷ್ಟರಲ್ಲಿ 28,000 ಪ್ರತಿ ಅಚ್ಚಾಗಿತ್ತು.

ಪಾಟರ್ ವ್ಯವಹಾರದಲ್ಲೂ ಚುರುಕು. 1903ರಲ್ಲೇ ಪೀಟರ್ ಗೊಂಬೆಯನ್ನು ತಾವೇ ಹೊಲಿದು ಅದರ ಹಕ್ಕು ನೋಂದಾಯಿಸಿಕೊಂಡರು. ಅಮೆರಿಕದಲ್ಲಿ ಮಾತ್ರ ಕಂಪನಿ ಹಕ್ಕು ದಾಖಲಿಸಿರಲಿಲ್ಲ. ಅಲ್ಲಿ ಕಳ್ಳ ಮುದ್ರಣ ನಡೆಯಿತು, ಲೇಖಕಿಗೆ ಒಂದು ಕಾಸೂ ಬರಲಿಲ್ಲ.

ಪುಸ್ತಕದ ಕೆಲಸದಲ್ಲಿ ಜೊತೆಯಾದವರು ಪ್ರಕಾಶಕರ ಮನೆಯ ನಾರ್ಮನ್ ವಾರ್ನ್. 1905ರ ಜುಲೈನಲ್ಲಿ ಇಬ್ಬರ ಮದುವೆಯ ಮಾತಾಯಿತು. ವ್ಯಾಪಾರ ಮಾಡುವ ಮನೆಯ ಗಂಡು ನಮಗೆ ಸರಿಸಮನಲ್ಲ ಎಂದು ಪಾಟರ್ ತಂದೆತಾಯಿ ತಕರಾರು ತೆಗೆದರು. ತಿಂಗಳೊಳಗೆ ನಾರ್ಮನ್ ರಕ್ತದ ಕಾಯಿಲೆಯಿಂದ ತೀರಿಕೊಂಡರು. ಪಾಟರ್‌ಗೆ ಆಗ 39 ವರ್ಷ.

ಮೊದಲ ಜಮೀನು

ಅದೇ ವರ್ಷ ಅವರು ಇಂಗ್ಲೆಂಡಿನ ವಾಯವ್ಯದ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ ಸರೋವರಗಳ ಸೀಮೆಯಲ್ಲಿ ಜಮೀನು ಕೊಂಡರು. ನಿಯರ್ ಸಾರೆ ಎಂಬ ಹಳ್ಳಿ, ಹಿಲ್ ಟಾಪ್ ಎಂಬ ಸಣ್ಣ ಫಾರ್ಮ್. ಪುಸ್ತಕದ ಗೌರವಧನ, ಜೊತೆಗೆ ಚಿಕ್ಕಮ್ಮ ಬಿಟ್ಟುಹೋದ ಸ್ವಲ್ಪ ಹಣ. ಲಂಡನ್ನಿನ ಹೆಣ್ಣುಮಗಳು ದುಬಾರಿ ಬೆಲೆ ತೆತ್ತಳು ಎಂದು ಊರವರು ನಕ್ಕರು. ಅಲ್ಲಿ ಮೊದಲಿನಿಂದ ದುಡಿಯುತ್ತಿದ್ದ ಕುಟುಂಬವನ್ನು ಪಾಟರ್ ಬಿಡಿಸಲಿಲ್ಲ. ಆ ಮನೆ, ಆ ಬೀದಿ, ಆ ನಾಯಿ, ಕೊಟ್ಟಿಗೆಯ ಬಾತುಕೋಳಿ ಎಲ್ಲವೂ ಮುಂದಿನ ಪುಸ್ತಕಗಳಿಗೆ ಬಂದವು. 1908ರ ಜೆಮಿಮಾ ಬಾತುಕೋಳಿಯ ಕಥೆ ನಡೆಯುವುದು ಅಲ್ಲೇ.

1909ರಲ್ಲಿ ಎದುರಿನ ಕ್ಯಾಸಲ್ ಫಾರ್ಮ್ ಕೊಂಡರು. ಜಮೀನಿನ ಕಾಗದಪತ್ರ ನೋಡಿಕೊಡುತ್ತಿದ್ದ ವಕೀಲ ವಿಲಿಯಂ ಹೀಲಿಸ್ ಅವರನ್ನು 1913ರಲ್ಲಿ ಮದುವೆಯಾದರು. ಅಲ್ಲಿಂದ ಮುಂದೆ ಊರಿನಲ್ಲಿ ಅವರು ಮಿಸೆಸ್ ಹೀಲಿಸ್. ಪುಸ್ತಕ ಕಡಿಮೆಯಾಯಿತು, ಕುರಿ ಹೆಚ್ಚಾಯಿತು.

ಬೇಲಿಯಿಲ್ಲದ ಬೆಟ್ಟ

ಆ ಬೆಟ್ಟಗಳ ಕುರಿಯ ತಳಿ ಹರ್ಡ್‌ವಿಕ್. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು ಬಣ್ಣ. ಒರಟು ಉಣ್ಣೆ, ಚಳಿ ಮಳೆಗೆ ಜಗ್ಗದ ಮೈ. ಬೆಟ್ಟದ ಮೇಲೆ ಬೇಲಿಯಿಲ್ಲ. ಆದರೂ ಪ್ರತಿ ಮಂದೆಗೂ ತನ್ನದೇ ಮೇಯುವ ಜಾಗವಿದೆ. ತಾಯಿಯ ಬೆನ್ನಿಗೆ ಮೇಯುತ್ತಾ ಮರಿ ಆ ಎಲ್ಲೆ ಕಲಿಯುತ್ತದೆ, ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಹಾಗಾಗಿ ಅಲ್ಲಿ ಜಮೀನು ಕೈ ಬದಲಾದರೂ ಮಂದೆ ಜಮೀನಿನ ಜೊತೆಗೇ ಉಳಿಯುತ್ತದೆ. ಒಮ್ಮೆ ಮಾರಿ ಚದುರಿಸಿದರೆ ಹೊಸ ಕುರಿ ತಂದು ಬಿಟ್ಟು ಉಪಯೋಗವಿಲ್ಲ, ಅವಕ್ಕೆ ಎಲ್ಲೆ ಗೊತ್ತಿರುವುದಿಲ್ಲ. ಕುರಿ ಕಾಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಟರ್ ಹೆದರಿದ್ದು ಇದಕ್ಕೇ. ಬೇಸಿಗೆ ಮನೆ ಕಟ್ಟುವವರು, ಹೋಟೆಲಿನವರು ಬೆಟ್ಟದ ಜಮೀನಿಗೆ ಕಣ್ಣು ಹಾಕಿದ್ದರು. ಫಾರ್ಮ್ ತುಂಡಾದರೆ ಮಂದೆಯೂ ಹೋಗುತ್ತದೆ. 1923ರಲ್ಲಿ ಅವರು ಟ್ರೌಟ್‌ಬೆಕ್ ಪಾರ್ಕ್ ಎಂಬ ದೊಡ್ಡ ಕುರಿ ಫಾರ್ಮ್ ಕೊಂಡರು. ಅಲ್ಲಿನ ಕುರಿಗಳಿಗೆ ಲಿವರ್ ಹುಳುವಿನ ರೋಗ ತಗುಲಿತ್ತು. ಟಾಮ್ ಸ್ಟೋರಿ ಎಂಬ ಅನುಭವಿ ಕುರಿಗಾಹಿಯನ್ನು ಕರೆತಂದು ಮಂದೆ ಸುಧಾರಿಸಿದರು. ಮುಂದೆ ಅವರ ಕುರಿಗಳು ಪ್ರದರ್ಶನಗಳಲ್ಲಿ ಬಹುಮಾನ ಗೆದ್ದವು. 1930ರಲ್ಲಿ ಮಂಕ್ ಕಾನಿಸ್ಟನ್ ಎಂಬ ವಿಶಾಲ ಆಸ್ತಿ ಮಾರಾಟಕ್ಕೆ ಬಂದಾಗ ಪೂರ್ತಿ ಕೊಂಡು, ಅರ್ಧ ಭಾಗವನ್ನು ಕೊಂಡ ಬೆಲೆಗೇ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಗೆ ಬಿಟ್ಟುಕೊಟ್ಟರು. 1895ರಲ್ಲಿ ಆ ಸಂಸ್ಥೆ ಕಟ್ಟಿದ ಮೂವರಲ್ಲಿ ಒಬ್ಬರಾದ ಪಾದ್ರಿ ರಾನ್ಸ್‌ಲಿ, ಪಾಟರ್‌ಗೆ ಹದಿನಾರನೇ ವಯಸ್ಸಿನಿಂದ ಪರಿಚಿತರು.

1943ರ ಡಿಸೆಂಬರ್ 22ರಂದು ಪಾಟರ್ ತೀರಿಕೊಂಡರು. ಅದೇ ವರ್ಷ ಹರ್ಡ್‌ವಿಕ್ ಕುರಿ ಸಾಕಣೆದಾರರ ಸಂಘ ಅವರನ್ನು ಅಧ್ಯಕ್ಷೆಯಾಗಿ ಆರಿಸಿತ್ತು. ಆ ಸ್ಥಾನಕ್ಕೆ ಆಯ್ಕೆಯಾದ ಮೊದಲ ಹೆಂಗಸು ಅವರು, ಕುರ್ಚಿಯಲ್ಲಿ ಕೂರಲು ಮಾತ್ರ ಆಯಸ್ಸು ಸಾಲಲಿಲ್ಲ. 14 ಫಾರ್ಮ್‌ಗಳು, 4,000 ಎಕರೆಗೂ ಹೆಚ್ಚು ಜಮೀನು ನ್ಯಾಷನಲ್ ಟ್ರಸ್ಟ್‌ಗೆ ಸೇರುವಂತೆ ಉಯಿಲು ಬರೆದಿದ್ದರು. ಬೆಟ್ಟದ ಮಂದೆಗಳು ಅಪ್ಪಟ ಹರ್ಡ್‌ವಿಕ್ ಆಗಿಯೇ ಮುಂದುವರಿಯಬೇಕು ಎಂಬ ಮಾತೂ ಅದರಲ್ಲಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಏರ್ಪಾಟಿನಲ್ಲಿ ಬೆಟ್ಟದ ರೈತ ಗೇಣಿದಾರನಾಗಿಯೇ ಉಳಿದ. ಮೊದಲು ಒಡತಿ ಮಿಸೆಸ್ ಹೀಲಿಸ್, ಆಮೇಲೆ ಟ್ರಸ್ಟ್. ಉಳುವವನೇ ಹೊಲದೊಡೆಯ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಸುಲಭವಾಗಿ ಗಂಟಲಿಗಿಳಿಯುವುದಿಲ್ಲ. ಪಾಟರ್ ಬರೀ ಪುಸ್ತಕದ ದುಡ್ಡಿನಿಂದ ಇಷ್ಟೆಲ್ಲ ಕೊಂಡರು ಎನ್ನುವುದೂ ಸರಿಯಲ್ಲ, ತಂದೆತಾಯಿಯ ಆಸ್ತಿಯೂ ಕೈಸೇರಿತ್ತು. ಆದರೆ ಅದೇ ಹಣದಲ್ಲಿ ಅವರು ಲಂಡನ್ನಿನಲ್ಲಿ ಸುಖವಾಗಿ ಇರಬಹುದಿತ್ತು. ಹಾಗೆ ಮಾಡದೆ, ಆ ಫಾರ್ಮ್‌ಗಳು ತುಂಡಾಗಿ ಬಂಗಲೆಗಳ ಸಾಲಾಗದಂತೆ, ಅಲ್ಲಿ ಕುರಿ ಮೇಯುವಂತೆ ಉಳಿಸಿದರು.

2001ರಲ್ಲಿ ಕಾಲುಬಾಯಿ ಜ್ವರ ಬಂದು ಆ ಸೀಮೆಯ ಸಾವಿರಾರು ಕುರಿಗಳನ್ನು ಕೊಲ್ಲಬೇಕಾಯಿತು. ಬೆಟ್ಟದ ದಾರಿ ಬಲ್ಲ ಮಂದೆ ಎಷ್ಟು ದೊಡ್ಡ ಆಸ್ತಿ ಎಂಬುದು ಆಗ ಎಲ್ಲರಿಗೂ ತಿಳಿಯಿತು. 2017ರಲ್ಲಿ ಯುನೆಸ್ಕೋ ಲೇಕ್ ಡಿಸ್ಟ್ರಿಕ್ಟನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೇಳಿದ ಕಾರಣಗಳಲ್ಲಿ ಅಲ್ಲಿನ ಕುರಿ ಸಾಕುವ ರೈತಾಪಿ ಬದುಕೂ ಒಂದು.

ಪಾಟರ್‌ಗೆ ಸಮಾಧಿಯಿಲ್ಲ. ಅವರ ಚಿತಾಭಸ್ಮವನ್ನು ಹಿಲ್ ಟಾಪಿನ ಆಸುಪಾಸಿನ ಗುಡ್ಡದಲ್ಲಿ ಚೆಲ್ಲಿದವರು ಕುರಿಗಾಹಿ ಟಾಮ್ ಸ್ಟೋರಿ. ಯಾವ ಜಾಗ ಎಂಬುದನ್ನು ಒಡತಿಯ ಇಚ್ಛೆಯಂತೆ ಅವರು ಊರಿಗೆ ಹೇಳಲಿಲ್ಲ.