ನೀಲಿಯಾಚೆಯ ಕೋಬಾಲ್ಟ್

ದ್ರಾವಣ ನೀಲಿಯಾದರೆ ಸಾಕು, ‘ಕೋಬಾಲ್ಟ್ ಚತುಷ್ಫಲಕದಲ್ಲಿದೆ’ ಎಂದು ಬರೆದು ಮುಂದೆ ಸಾಗುವ ರೂಢಿ ಈಚೆಗೆ ಬಲವಾಗಿದೆ. ನೀರಿಲ್ಲದ ಕೋಬಾಲ್ಟ್ ಕ್ಲೋರೈಡ್ ಕೂಡ ನೀಲಿಯೇ. ಆದರೆ ಅದರ ಹರಳಿನಲ್ಲಿ ಪ್ರತಿ ಕೋಬಾಲ್ಟನ್ನೂ ಆರು ಕ್ಲೋರೈಡುಗಳು ಸುತ್ತುವರಿದಿವೆ. ಬಣ್ಣ ನೋಡಿ ರಚನೆ ಹೇಳುವುದು ಕಣಿ ಹೇಳಿದಂತೆ, ಕೆಲವೊಮ್ಮೆ ನಿಜವೂ ಆಗುತ್ತದೆ.

ಈ ಬಣ್ಣದ ಪರಿಚಯ ಹಳೆಯದು. 1737ರಲ್ಲಿ ಎಲೊ ಕಾಯಿಸಿದರೆ ಕಾಣುವ ಶಾಯಿಯನ್ನು ವಿವರಿಸಿದ, 1802ರಲ್ಲಿ ತೆನಾರ್ ಕೋಬಾಲ್ಟ್ ನೀಲಿಯನ್ನು ತಯಾರಿಸಿದ. 1929ರ ಬೆಥೆಯ ಸಿದ್ಧಾಂತ, 1954ರ ತನಾಬೆ–ಸುಗಾನೊ ನಕ್ಷೆಗಳು ಎಲ್ಲ ಪಠ್ಯಗಳಲ್ಲೂ ಇವೆ. ಇಲ್ಲಿ ಮತ್ತೆ ಹೇಳಬೇಕಿಲ್ಲ.

ನಿಜವಾದ ಕಥೆ ಶುರುವಾಗುವುದು ತೀವ್ರತೆಯ ಪ್ರಶ್ನೆಯಿಂದ. ಆರು ನೀರಿನ ಅಣುಗಳ ನಡುವಿನ ಗುಲಾಬಿ ಕೋಬಾಲ್ಟಿನ ಮೋಲಾರ್ ಹೀರಿಕೆ 5ರ ಆಸುಪಾಸು, ನಾಲ್ಕು ಕ್ಲೋರೈಡುಗಳ ನಡುವೆ ಅದೇ 600ರ ಸುತ್ತ. ಚತುಷ್ಫಲಕಕ್ಕೆ ಸಮ್ಮಿತಿಕೇಂದ್ರವಿಲ್ಲ, ಹಾಗಾಗಿ ಡಿ ಕಕ್ಷಕಗಳಿಗೆ ಪಿ ಅಂಶವೂ ಲಿಗ್ಯಾಂಡಿನ ಪಾಲೂ ಬೆರೆಯುತ್ತವೆ. 1958ರಲ್ಲಿ ಬಾಲ್‌ಹೌಸೆನ್ ಮತ್ತು ಲೀರ್ ಇದನ್ನು ಲೆಕ್ಕಕ್ಕೆ ತಂದರು. 1961ರಲ್ಲಿ ಕಾಟನ್ ಮತ್ತು ಗುಡ್‌ಗೇಮ್ ದಂಪತಿ ಪ್ರಕಟಿಸಿದ ಕೆಲಸವೇ ನಮ್ಮ ಪೀಳಿಗೆಗೆ ಪಾಠಶಾಲೆ. ಟೆಟ್ರಾಕ್ಲೋರೊಕೋಬಾಲ್ಟೇಟ್‌ನ ಮೂರು ಸಂಕ್ರಮಣಗಳು ಸುಮಾರು 3,100, 5,500 ಹಾಗೂ 14,700 ಸೆಂ.ಮೀ.⁻¹ರಲ್ಲಿವೆ. ಕಣ್ಣಿಗೆ ಬೀಳುವುದು ಮೂರನೆಯದೊಂದೇ. ಅವರು ರೋಹಿತವನ್ನು ಕಾಂತತೆಯೊಡನೆ ಜೋಡಿಸಿದರು: ಲಿಗ್ಯಾಂಡ್ ಕ್ಷೇತ್ರ ಬಲವಾದಂತೆ ಕಾಂತ ಮಹತ್ವ ಇಳಿಯುತ್ತದೆ, ಅಯೊಡೈಡಿನಲ್ಲಿ 4.77, ಕ್ಲೋರೈಡಿನಲ್ಲಿ 4.59, ಥಯೋಸಯನೇಟಿನಲ್ಲಿ 4.40 ಬೋರ್ ಮ್ಯಾಗ್ನೆಟಾನ್. ಗೂಯ್ ತಕ್ಕಡಿಯನ್ನು ಹೊಂದಿಸಲು ನಾವೆಲ್ಲ ಬಳಸಿದ ಪಾದರಸ–ಕೋಬಾಲ್ಟ್ ಥಯೋಸಯನೇಟ್ ಕೂಡ ಇದೇ ಕುಟುಂಬದ್ದು. ಎಷ್ಟೋ ಪ್ರಯೋಗಾಲಯಗಳು ಅದನ್ನು ತೂಗಿ, ಅದರ ರೋಹಿತವನ್ನು ಒಮ್ಮೆಯೂ ನೋಡದೆ ಶೀಷೆ ಮುಚ್ಚಿಟ್ಟವು.

ಆಮೇಲೆ ಬಂದದ್ದು ಹರಳುಗಳ ಕಾಲ. ವೀಕ್ಲಿಯಂ, ಫರ್ಗುಸನ್ ಮೊದಲಾದವರು ಹರಳುಗಳನ್ನು ತಣಿಸಿ ನೋಡಿದಾಗ, ದ್ರಾವಣದಲ್ಲಿ ಗುಡ್ಡದಂತಿದ್ದ ಪಟ್ಟಿ ಸೂಕ್ಷ್ಮ ಗೆರೆಗಳಾಗಿ ಒಡೆಯಿತು. ಸ್ಪಿನ್–ಕಕ್ಷೆ ಜೋಡಣೆ, ತೀವ್ರತೆಯನ್ನು ಕಡ ಪಡೆಯುವ ದ್ವಿಕ ಸ್ಥಿತಿಗಳು, ಎಲ್ಲ ಅಲ್ಲೇ ಇದ್ದವು. ಧ್ರುವೀಕೃತ ಬೆಳಕಿನಲ್ಲಿ ಹರಳು ತಿರುಗಿಸಿ ದಿನಗಟ್ಟಲೆ ಕೂರುವ ಆ ತಾಳ್ಮೆಗೆ ಈಗ ಅನುದಾನ ಸಿಗುವುದಿಲ್ಲ.

ಜೀವರಸಾಯನದವರು ಕೋಬಾಲ್ಟಿನ ಈ ರೋಹಿತವನ್ನು ಚೆನ್ನಾಗಿ ಬಳಸಿಕೊಂಡರು. ಡಿ ಕಕ್ಷಕಗಳು ಭರ್ತಿಯಾದ ಸತುವಿಗೆ ಈ ಬಗೆಯ ರೋಹಿತವಿಲ್ಲ; ಲಿಂಡ್‌ಸ್ಕೋಗ್, ವ್ಯಾಲೀ ಮುಂತಾದವರು ಕಿಣ್ವಗಳಲ್ಲಿ ಸತುವಿನ ಜಾಗಕ್ಕೆ ಕೋಬಾಲ್ಟ್ ಕೂರಿಸಿ ಸಕ್ರಿಯ ತಾಣವನ್ನು ಓದಿದರು.

2011ರಲ್ಲಿ ಜದ್ರೋಜ್ನಿ ಮತ್ತು ಲಾಂಗ್, ನಾಲ್ಕು ಥಯೋಫಿನೋಲೇಟ್‌ಗಳ ನಡುವಿನ ಕೋಬಾಲ್ಟ್ ಹೊರಗಿನ ಕಾಂತಕ್ಷೇತ್ರವಿಲ್ಲದೆಯೂ ಒಂಟಿ ಅಣು ಕಾಂತವಾಗಬಲ್ಲದೆಂದು ತೋರಿಸಿದರು. ಅದರ ಶೂನ್ಯಕ್ಷೇತ್ರ ವಿಭಜನೆ ಸುಮಾರು –70 ಸೆಂ.ಮೀ.⁻¹. ಅಂದಿನಿಂದ ಪ್ರಬಂಧಗಳ ಸುರಿಮಳೆ. ಈ ಸಂಖ್ಯೆಯ ಬೇರು ಮೊದಲ ಸಂಕ್ರಮಣದಲ್ಲಿ ತಲುಪುವ ಸ್ಥಿತಿ ಹೇಗೆ ಸೀಳುತ್ತದೆ ಎಂಬುದರಲ್ಲಿದೆ. ಆ ಸಂಕ್ರಮಣಕ್ಕೆ ಶುದ್ಧ ಚತುಷ್ಫಲಕದಲ್ಲಿ ವಿದ್ಯುತ್ ದ್ವಿಧ್ರುವದ ಅನುಮತಿಯಿಲ್ಲ, ಮೇಲಾಗಿ ಅದು ಸಿ–ಎಚ್, ಓ–ಎಚ್ ಕಂಪನಗಳ ಗದ್ದಲದಲ್ಲಿ ಅಡಗಿರುತ್ತದೆ. ಸಾಮಾನ್ಯ ರೋಹಿತಮಾಪಕ 1,100 ನ್ಯಾನೋಮೀಟರಿಗೇ ನಿಲ್ಲುವುದರಿಂದ ಎರಡನೆಯದೂ ಸಿಗುವುದಿಲ್ಲ. ವಿಮರ್ಶೆಗೆಂದು ನನ್ನಲ್ಲಿಗೆ ಬರುವ ಹಸ್ತಪ್ರತಿಗಳಲ್ಲಿ ಇವೆರಡರ ಸ್ಥಾನವನ್ನೂ ಸಾಮಾನ್ಯವಾಗಿ ಗಣಕವೇ ಒದಗಿಸಿರುತ್ತದೆ. ಅಳೆದ ರೋಹಿತ ಕಳುಹಿಸಿ ಎಂದು ನಾನು ಪ್ರತಿ ಸಲ ಬರೆಯುತ್ತೇನೆ.