ಬಿದನೂರಿನ ಗುಟ್ಟು ಮತ್ತು ಪಕ್ಷಾಂತರಿ ಅಧಿಕಾರಿಗಳು (೧೭೬೩–೧೭೮೩)

ಇಂದಿನ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ (೧೯೧೫ರವರೆಗೆ ಎಡೆಹಳ್ಳಿ) ತಾಲ್ಲೂಕುಗಳ ಸೀಮೆ ಹದಿನೆಂಟನೆಯ ಶತಮಾನದಲ್ಲಿ ಕೆಳದಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಅವರ ಕೊನೆಯ ರಾಜಧಾನಿಯಾದ ಬಿದನೂರಿಗೆ ಕಾಡು, ಕಣಿವೆ, ಮಳೆಗಳೇ ಮೊದಲ ಸುತ್ತಿನ ಕೋಟೆ. ಇಂಥ ಊರು ಇಪ್ಪತ್ತು ವರ್ಷಗಳಲ್ಲಿ ಎರಡು ಬಾರಿ ಒಳಗಿನವರ ಮೂಲಕವೇ ಪರರ ವಶವಾಯಿತು.

ಮೊದಲನೆಯದು ೧೭೬೩ರ ಪ್ರಸಂಗ. ಹಿಂದಿನ ದೊರೆಯ ಮಂತ್ರಿಯಾಗಿದ್ದು ಸೆರೆಮನೆ ಸೇರಿದ್ದ ಲಿಂಗಣ್ಣನು ಕುಂಸಿಯಲ್ಲಿ ಹೈದರಾಲಿಯ ಪಕ್ಷ ಸೇರಿದನು. ನಗರದೊಳಕ್ಕೆ ಹೋಗುವ ಗುಪ್ತಮಾರ್ಗ ಅವನಿಗೆ ತಿಳಿದಿತ್ತು. ಹೆಬ್ಬಾಗಿಲಿನ ಕಡೆ ತೋರಿಕೆಯ ದಾಳಿ ನಡೆದಿರುವಾಗ ಸೈನ್ಯದ ಇನ್ನೊಂದು ಭಾಗ ಆ ಹಾದಿಯಲ್ಲಿ ಒಳನುಗ್ಗಿತು. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಸರಿದಳು. ಅನಂತರ ಸೆರೆಸಿಕ್ಕು ಮಧುಗಿರಿಗೆ ಸಾಗಿಸಲ್ಪಟ್ಟಳು. ಬಿದನೂರು ಹೈದರ್‌ನಗರವಾಯಿತು. ಹೊಸನಗರ ತಾಲ್ಲೂಕಿನ ಇಂದಿನ ‘ನಗರ’ ಅದೇ.

ಎರಡನೆಯ ಪ್ರಸಂಗ ಹೆಚ್ಚು ಜಟಿಲವಾದುದು. ಮಲಬಾರಿನಲ್ಲಿ ಸೆರೆಯಾಳಾಗಿ ಬಂದು ಹೈದರನ ಪ್ರೀತಿಗೆ ಪಾತ್ರನಾದ ಶೇಖ್ ಅಯಾಜ್ (ಇಂಗ್ಲಿಷ್ ದಾಖಲೆಗಳ ಹಯಾತ್ ಸಾಹೇಬ್) ನಗರದ ಅಧಿಪತಿಯಾಗಿದ್ದನು. ೧೭೮೨ರ ಡಿಸೆಂಬರ್ ೭ರಂದು ಹೈದರನು ತೀರಿಕೊಂಡನು. ಮುಂದಿನ ಜನವರಿಯ ಕೊನೆಯಲ್ಲಿ ಜನರಲ್ ಮ್ಯಾಥ್ಯೂಸ್ ಘಟ್ಟವೇರಿ ಬಂದಾಗ ಅಯಾಜ್ ಕೋಟೆ, ಬೊಕ್ಕಸಗಳನ್ನು ಹೆಚ್ಚಿನ ಪ್ರತಿರೋಧವಿಲ್ಲದೆ ಒಪ್ಪಿಸಿದನು. ಕಾರಣವೇನು? ವಿಲ್ಕ್ಸ್‌ನ ಇತಿಹಾಸದಂತೆ ಅಯಾಜನಿಗೆ ಓದುಬರಹ ಬಾರದು. ಬಂದ ಓಲೆಗಳನ್ನೆಲ್ಲ ಒಬ್ಬ ಬ್ರಾಹ್ಮಣ ಓದಿ ಹೇಳುತ್ತಿದ್ದನು. ಕೈಕೆಳಗಿನ ಅಧಿಕಾರಿಯ ಹೆಸರಿಗೆ ಬಂದ ಟಿಪ್ಪುವಿನ ಓಲೆಯೊಂದು ಹೀಗೆ ತೆರೆಯಲ್ಪಟ್ಟಿತು. ಅಯಾಜನನ್ನು ಕೊಂದು ಅಧಿಕಾರ ವಹಿಸಿಕೊಳ್ಳಬೇಕೆಂಬುದೇ ಅದರ ಆಜ್ಞೆ. ಗುಟ್ಟು ಹೊರಬೀಳದಿರಲೆಂದು ಅಯಾಜ್ ಓದಿದವನನ್ನೇ ಅಲ್ಲಿಯೇ ಕೊಲ್ಲಿಸಿ, ಓಲೆಯನ್ನು ಇಟ್ಟುಕೊಂಡು ನಗರಕ್ಕೆ ಧಾವಿಸಿದನು.

ಈ ಕಥನವನ್ನು ನಮ್ಮ ಇತಿಹಾಸಕಾರರು ಬಹುಮಟ್ಟಿಗೆ ಪ್ರಶ್ನಿಸದೆ ಬಳಸಿದ್ದಾರೆ. ಆದರೆ ಓದಿದವನು ಸತ್ತ ಮೇಲೆ ಓಲೆಯ ಒಕ್ಕಣೆಗೆ ಮುಖ್ಯ ಸಾಕ್ಷಿಯಾಗಿ ಉಳಿದವನು ಅಯಾಜ್. ತನ್ನ ಪಕ್ಷಾಂತರಕ್ಕೆ ಸಮರ್ಥನೆ ಬೇಕಾಗಿದ್ದವನೂ ಅವನೇ. ಹಡಗು ಒಡೆದು ನಗರದಲ್ಲಿ ಸೆರೆಯಾಗಿದ್ದು, ಅಯಾಜ್ ಮತ್ತು ಮ್ಯಾಥ್ಯೂಸರ ನಡುವೆ ಸಂಧಾನಕ್ಕೆ ನಿಂತ ಡೊನಾಲ್ಡ್ ಕ್ಯಾಂಪ್‌ಬೆಲ್ ೧೭೯೫ರಲ್ಲಿ ತನ್ನ ಪ್ರವಾಸಕಥನ ಪ್ರಕಟಿಸಿದ. ಆದರೆ ಅವನೂ ತಟಸ್ಥನಲ್ಲ. ಓಲೆ ನಿಜವಿರಬಹುದು, ಹೊಸ ಸುಲ್ತಾನನ ಕೆಳಗೆ ಹಳೆಯ ಸುಲ್ತಾನನ ಆಪ್ತನಿಗೆ ಉಳಿಗಾಲವಿಲ್ಲವೆಂಬ ಭಯವಂತೂ ನಿಜವೇ. ಕೋಟೆಯ ಬಲಾಬಲಕ್ಕಿಂತ ಆಸ್ಥಾನದ ಈ ಅಪನಂಬಿಕೆಯೇ ಅವನ ಗುಟ್ಟಿನಿಂದ ಹೊರಬಿದ್ದ ದೊಡ್ಡ ಸಂಗತಿ ಎಂದು ನನ್ನ ಅಭಿಪ್ರಾಯ. ಇಂಗ್ಲಿಷರಿಗೆ ಅದರಿಂದ ದೊರೆತ ಲಾಭ ಅಲ್ಪಾಯುಷಿ. ಬೊಕ್ಕಸದ ಹಣಕ್ಕಾಗಿ ಅವರಲ್ಲೇ ಜಗಳವೆದ್ದಿತು. ವಸಂತ ಮುಗಿಯುವ ಮುನ್ನ ಟಿಪ್ಪು ನಗರವನ್ನು ಮರಳಿ ಪಡೆದನು. ಮ್ಯಾಥ್ಯೂಸ್ ಸೆರೆಯಲ್ಲಿ ಸತ್ತನು. ಅಯಾಜ್ ಮುಂಬಯಿಯಲ್ಲಿ ಆಶ್ರಯ ಪಡೆದನು.

ಅದೇ ವರ್ಷದ ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಳಸಂಚು ಬಯಲಾಯಿತು. ಒಡೆಯರ ವಂಶವನ್ನು ಮತ್ತೆ ಪ್ರತಿಷ್ಠಾಪಿಸುವ ಈ ಯತ್ನದ ಪ್ರಮುಖರಲ್ಲಿ ಅಂಚೆ ಶಾಮಯ್ಯನೂ ಒಬ್ಬನೆಂದು ಗುರುತಿಸಲಾಯಿತು. ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ಮೈಸೂರಿನ ಅಂಚೆಯವರು ಓಲೆ ಸಾಗಿಸುವುದರ ಜೊತೆಗೆ ಸೀಮೆಯ ಒಳಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. ಅಂದರೆ ಶಾಮಯ್ಯ ರಾಜ್ಯದ ಬೇಹಿನ ಮುಖ್ಯಸ್ಥ. ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಸಂಗಡವಿದ್ದ ಅವನನ್ನು ಸಂಕೋಲೆ ತೊಡಿಸಿ ರಾಜಧಾನಿಗೆ ಕಳುಹಿಸಲಾಯಿತು. ಎಲ್ಲರ ಗುಟ್ಟನ್ನು ಬಲ್ಲವನ ಮೇಲೆ ಬೇಹು ನಡೆಸುವವರಾರು ಎಂಬ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ.

ಶೃಂಗೇರಿ ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರ ಗಮನಕ್ಕೆ ಬಂದವು. ಅವುಗಳಲ್ಲಿ ೧೭೯೧ರ ಮರಾಠರ ಕೊಳ್ಳೆಯ ಅನಂತರ ಬರೆದವು ಪ್ರಸಿದ್ಧ. ಅವು ಪಡೆದವರೇ ಕಾಪಿಟ್ಟ ಮೂಲಪತ್ರಗಳು. ಅಯಾಜನ ಓಲೆಯನ್ನಾದರೋ ನಾವು ಬಲ್ಲುದು ಅದನ್ನು ಕದ್ದು ಓದಿಸಿಕೊಂಡವನ ಕಡೆಯಿಂದ ಮಾತ್ರ.